ಬಂಗಾರದಂಥ ಬೆಲ್ಲ

ಜಮಖಂಡಿ ಸಂತ್ಯಾಗ ಮಾಸ್ತರು ಬೆಲ್ಲದ ಪೆಂಟಿ ಎತ್ತಿ ಹಿಡಿದು ಕೇಳಿದರು: “ಕಾಕಾ, ಇದ್ಯಾಕ ಇಷ್ಟ ಕರ್ರಗೈತಿ?”

“ಸುದ್ದ ಐತ್ರಿ ಮಾಸ್ತರ. ಬೆಂಡಿಗಿಡದ ಲೋಳಿ, ಒಂದೀಟ ಸುಣ್ಣ. ಬ್ಯಾರೆ ಏನೂ ಹಾಕಿಲ್ಲ.”

“ಮತ್ತ ಆ ಹಳದೀದು?”

“ಅದಕ್ಕ ಕುದಿಯುವಾಗ ಹೈಡ್ರೋಸ್ ಬಿದ್ದೈತ್ರಿ. ಬಣ್ಣ ತಿಳಿಯಾಕ್ಕೈತಿ, ಗಂಧಕದ ಅಂಶ ಒಳಗ ಉಳೀತೈತಿ. ಸಲ್ಫರ್ ಡೈಆಕ್ಸೈಡ್ ಕಿಲೋಕ್ಕ 70 ಮಿಲಿಗ್ರಾಂ ದಾಟಬಾರದಂತ ಕಾಯ್ದೆ ಐತಿ.”

“ಇದು ದಾಟೈತೇನು?”

“ನನ್ನ ತಕ್ಕಡಿ ಕಿಲೋ ತೂಗತೈತ್ರಿ, ಮಿಲಿಗ್ರಾಂ ತೂಗಂಗಿಲ್ಲ. ಲ್ಯಾಬಿಗೆ ಕಳಸ್ರಿ.”

“ವರದಿ ಬರೂದ್ರಾಗ?”

“ಹೋಳಿಗಿ ಕರಗಿರತೈತಿ.”

ಮಾಸ್ತರು ಸಾಮಾನ್ಯ ಗಿರಾಕಿಯಲ್ಲ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ರೋಡಮೈನ್-ಬಿಯಂಥ ಬಣ್ಣ ಹಾಕುವುದನ್ನು ಸರ್ಕಾರ ನಿಷೇಧಿಸಿದಾಗ ತರಗತಿಯಲ್ಲಿ ತಾಸುಗಟ್ಟಲೆ ಭಾಷಣ ಮಾಡಿದವರು. ಅದೇ ಸಂಜೆ ಗಾಡಿ ಮುಂದೆ ನಿಂತು ‘ಗೋಬಿ ಯಾಕೋ ಕೆಂಪಿಲ್ಲಲ್ಲೋ’ ಎಂದು ಗೊಣಗಿದವರೂ ಅವರೇ.

“ಹಂಗಾರ ಎಲ್ಲಾರೂ ಕರೀದ ಯಾಕ ಮಾಡಂಗಿಲ್ಲ ಕಾಕಾ?”

“ಮಹಾಲಿಂಗಪುರ ಪ್ಯಾಟ್ಯಾಗ ಸವಾಲ ಕೂಗುವಾಗ ನಾಲಿಗಿಲೆ ನೋಡಂಗಿಲ್ರಿ, ಕಣ್ಣಿಲೆ ನೋಡ್ತಾರ. ಮುಧೋಳದ ಕಬ್ಬಿರಲಿ, ಬೀಳಗೀದಿರಲಿ, ರೇಟು ಬಣ್ಣಕ್ಕ. ಕರೀ ಬೆಲ್ಲ ಒಯ್ದಾಂವ ಅಗದೀ ಪ್ರಾಮಾಣಿಕ ಅನ್ನಿಸ್ಕೊಂಡು ಸಾಲ ಹೊತ್ಕೊಂಡು ಮನೀಗ ಬರ್ತಾನ.”

“ಛೇ ಛೇ! ಮಂದಿಗೆ ಆರೋಗ್ಯದ ಖಬರ ಇಲ್ಲ ನೋಡು.” ಮಾಸ್ತರು ಚೀಲ ಬಿಚ್ಚಿದರು. “ಹಳದೀದು ಎರಡು ಕಿಲೋ ಕಟ್ಟು, ಬೀಗರು ಬರೂರದಾರ. ಕರೀದು ಅರ್ಧ ಕಿಲೋ.”

“ಕರೀದು ನಿಮಗೇನ್ರಿ?”

“ಎಮ್ಮಿ ಈದೈತಲ್ಲೋ. ಅದಕ್ಕ ಸುದ್ದಾದ್ದ ಹಾಕಬೇಕು.”