ಸಿಲಿಂಡರ್ ಯಾರಾದ್ರೂ ಕಾಲುವಿಗೆ ಒಗದಾರೇನ್ರಿ?

ಕಾರಟಗಿ ದಾಟಿ ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ಹತ್ತಿದರೆ ಕಣ್ಣಿಗೆ ಭತ್ತದ ಗದ್ದೆ, ಅದರಾಚೆ ರೈಸ್ ಮಿಲ್ಲುಗಳ ಹೊಗೆ. ಕಾಲಿಗೆ ಮಾತ್ರ ಬಾಟಲಿ. ತಮಿಳುನಾಡು, ಕೇರಳಗಳಲ್ಲಿ ಮದ್ಯದ ಬಾಟಲಿಗೆ ಠೇವಣಿ ಹಿಡಿದು, ಖಾಲಿ ತಂದಾಗ ಹಿಂದಿರುಗಿಸುವ ಪದ್ಧತಿ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬುತ್ತಿದೆ. ನಮ್ಮಲ್ಲೂ ಬಂದರೆ ಹೇಗೆ ಎಂದು ಸಂಬಂಧಪಟ್ಟವರನ್ನು ಕೇಳಬೇಕಲ್ಲ? ಸಂಬಂಧಪಟ್ಟವರ ಪೈಕಿ ಹೋದಾಗಲೆಲ್ಲ ಸ್ಥಳದಲ್ಲೇ ಸಿಗುವವರು ಒಬ್ಬರೇ: 180 ಎಂಎಲ್‌ನ ಖಾಲಿ ಕ್ವಾರ್ಟರ್ ಬಾಟಲಿ. ಬ್ರ್ಯಾಂಡಿನ ಹೆಸರು ಹಾಕಕೂಡದು ಎಂಬ ಷರತ್ತಿನ ಮೇಲೆ ಮಾತಿಗೆ ಒಪ್ಪಿಕೊಂಡಿತು.

ಇಲ್ಲಿಗೆ ಹೇಗೆ ಬಂದಿರಿ?

ಕಾನೂನು ಪ್ರಕಾರನ ಬಂದೀನ್ರಿ. ವೈನ್ ಶಾಪಿನ ಲೈಸೆನ್ಸು ಸಿಎಲ್-2. ಅಲ್ಲಿ ಮಾರಬಹುದು, ಕೂಡ್ರಿಸಿ ಕುಡಿಸೂ ಹಂಗಿಲ್ಲ. ಬಾರಿಗೆ ಹೋದ್ರ ರೇಟ್ ಜಾಸ್ತಿ, ಮನಿಗೆ ಹೋದ್ರ ಬೈಗುಳ ಜಾಸ್ತಿ. ಉಳಿದದ್ದು ಕಾಲುವಿ ದಂಡಿ. ಅಬಕಾರಿಯೋರು ನನ್ನ ಕೊಟ್ರು, ನೀರಾವರಿಯೋರು ಜಾಗಾ ಕೊಟ್ರು. ಎರಡು ಇಲಾಖೆ ಹಿಂಗ ಹೊಂದಿಕೊಂಡು ಕೆಲಸ ಮಾಡಿದ್ದು ಬ್ಯಾರೆ ಎಲ್ಲೆರೆ ನೋಡೀರೇನು?

ನಿಮಗೆ ದಿಕ್ಕುದೆಸೆ ಇಲ್ಲ ಅನ್ನುತ್ತಾರೆ.

ಯಾರ‍್ರಿ ಅನ್ನೋರು? ನನ್ನ ಮುಚ್ಚಳದ ಮ್ಯಾಲ ಅಬಕಾರಿ ಇಲಾಖೆ ಚೀಟಿ ಇತ್ತು. ಡಿಸ್ಟಿಲರಿಯಿಂದ ಪಾನೀಯ ನಿಗಮದ ಡಿಪೊ, ಡಿಪೊದಿಂದ ಅಂಗಡಿ, ಎಲ್ಲಾ ಕಡೆ ಎಣಿಸಿ ಕಳಸ್ಯಾರ. ಮುಚ್ಚಳ ತಿರುವಿದ ಮ್ಯಾಲ ಯಾರೂ ಎಣಿಸಿಲ್ಲ, ಅಷ್ಟ. 2025-26ರ ಬಜೆಟ್ಟಿನ್ಯಾಗ ಅಬಕಾರಿ ಆದಾಯದ ಗುರಿ 40,000 ಕೋಟಿ ರೂಪಾಯಿ. ಆ ರೊಕ್ಕಾ ನನ್ನ ಬೆನ್ನ ಮ್ಯಾಲ ಹೊತ್ತು ತಂದೀನಿ. ನನ್ನ ಹೊತ್ತು ಒಯ್ಯಾಕ ಮಾತ್ರ ಒಂದು ಗಾಡಿ ಇಲ್ಲ.

ಗದ್ದೆಯಲ್ಲಿ ಹೆಣ್ಣುಮಕ್ಕಳ ಕಾಲಿಗೆ ಚುಚ್ಚುವುದು ನೀವೇ ತಾನೆ?

ಕಾಲಿದ್ದೋರು ಹಂಪಿ ನೋಡ್ರಿ, ಕಣ್ಣಿದ್ದೋರು ಕನಕಗಿರಿ ನೋಡ್ರಿ ಅಂತಾರಲ್ಲ, ಕಾಲು ಕಣ್ಣು ಎರಡೂ ಉಳಿಬೇಕಂದ್ರ ಈ ಏರಿ ಮ್ಯಾಲ ನೋಡಿ ಅಡಿ ಇಡ್ರಿ. ನಾ ಇಡಿಯಾಗಿದ್ದಾಗ ಯಾರಿಗೂ ತ್ರಾಸ ಕೊಟ್ಟಾಕಿ ಅಲ್ಲ. ಕುಡದೋರಿಗೆ ನನ್ನ ಕಲ್ಲಿಗೆ ಹೊಡದು ಸಪ್ಪಳ ಕೇಳೂ ಹುಕಿ. ಚೂರು ನೀರಿನ್ಯಾಗ ಗದ್ದಿಗೆ ಇಳೀತಾವ. ನಾಟಿಗೆ ಬಂದ ಕೂಲಿ ಹೆಣ್ಮಕ್ಕಳು ಬರಿಗಾಲಾಗ ಕೆಸರಿಗೆ ಇಳೀತಾರ. ಕೆಸರಾಗ ಗಾಜು ಕಾಣತೈತೇನ್ರಿ? ಆ ದಿನದ ಕೂಲಿ ಹೋತು, ಮ್ಯಾಲ ಟಿಟಿ ಇಂಜೆಕ್ಷನ್. ಅವರು ಒಂದು ಗುಟುಕೂ ಕುಡದಿಲ್ಲ.

(ಇಷ್ಟು ಹೇಳಿ ಬಾಟಲಿ ಸ್ವಲ್ಪ ಹೊತ್ತು ಸುಮ್ಮನಿತ್ತು. ನಾನೂ ನೀಲಗಿರಿಯ ಕಡೆ ಮಾತು ತಿರುಗಿಸಿದೆ.)

ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ 2022ರಲ್ಲಿ ನೀಲಗಿರಿಯಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ತಂದರೆ ಕೊಡುವುದು ಶುರುವಾಯಿತು. ಅಲ್ಲಿ ಆದದ್ದು ಇಲ್ಲಿ ಯಾಕಾಗದು?

ಅಲ್ಲಿ ಆನಿ ಕಾಲಿಗೆ ಗಾಜು ಚುಚ್ಚಿತ್ರಿ. ಆನಿ ಅಂದ್ರ ಕೋರ್ಟು, ಪೇಪರು, ಟಿವಿ ಎಲ್ಲಾ ಬರತಾವ. ನಮ್ಮ ಗದ್ಯಾಗ ಆನಿ ಇಲ್ಲ, ಬರೇ ಕೂಲಿ ಹೆಣ್ಮಕ್ಕಳು ಅದಾರ. ಕೇಸ್ ಅಷ್ಟು ಗಟ್ಟಿ ಆಗೂದಿಲ್ಲ.

ನಮ್ಮ ಜನಕ್ಕೆ ಠೇವಣಿಯ ಅಭ್ಯಾಸ ಇಲ್ಲ ಎಂದು ಅಧಿಕಾರಿಗಳು ಹೇಳಬಹುದು.

ಸುಳ್ಳು! ಗ್ಯಾಸ್ ಸಿಲಿಂಡರ್ ಡಿಪಾಜಿಟ್ ಮ್ಯಾಲ ಐತಿ. 20 ಲೀಟರ್ ನೀರಿನ ಕ್ಯಾನು ಡಿಪಾಜಿಟ್ ಮ್ಯಾಲ ಐತಿ. ನಮ್ಮ ಹಿರೇರು ಗೋಲಿ ಸೋಡಾ, ಅಂಗಡಿ ಮುಂದ ನಿಂತು ಕುಡದು ಕೈಗೆ ಕೊಟ್ಟ ಹೋಗಬೇಕು. ನಿಮ್ಮ ಮಿಲ್ಲಿನ ಖಾಲಿ ಚೀಲ ಸೈತ ಲೆಕ್ಕದಾಗ ಇರತಾವ. ಈಗ ಹೇಳ್ರಿ, ಈ ಏರಿ ಮ್ಯಾಲ ಒಂದರೆ ಸಿಲಿಂಡರ್ ಬಿದ್ದದ್ದು ನೋಡೀರೇನು? ಯಾಕ ಬೀಳೂದಿಲ್ಲ? ಅದರ ಮಾಲಕಗ ಅದು ವಾಪಸ್ ಬೇಕು. ನನ್ನ ಮಾಲಕಗ ನಾ ಬ್ಯಾಡ. ಜನರ ಅಭ್ಯಾಸದ ಮಾತು ಆಮ್ಯಾಗ ಆಡೋಣು.

ತಮಿಳುನಾಡಿನಲ್ಲಿ ಅಂಗಡಿಯೇ ಸರ್ಕಾರದ್ದು. ನಮ್ಮಲ್ಲಿ ಎಂಎಸ್‌ಐಎಲ್ ಮಳಿಗೆ ಬಿಟ್ಟರೆ ಹೆಚ್ಚಿನವು ಖಾಸಗಿ. ಖಾಲಿ ಬಾಟಲಿ ಇಡಲು ಜಾಗವಿಲ್ಲ ಅಂದರೆ?

ಅಲ್ಲಿನ ಸರಕಾರಿ ಅಂಗಡಿ ನೌಕರರೂ ಅದನ್ನ ಅಂದ್ರು: ಜಾಗಾ ಇಲ್ಲ, ಆಳು ಇಲ್ಲ, ವಾಸನಿ ಬರತೈತಿ. ಅದು ಖರೇ ತಕರಾರು, ಅವರಿಗೆ ಕೆಲಸದ ಕೂಲಿ ಕೊಡಬೇಕು. ಆದ್ರ ನಮ್ಮಲ್ಲಿ ಅಂಗಡಿ ಖಾಸಗಿ ಇದ್ರೂ ಸಗಟು ವ್ಯಾಪಾರ ನಿಗಮದ್ದ, 2003ರಿಂದ. ಡಿಪೊದಿಂದ ಮಾಲು ತಂದ ಗಾಡಿ ಖಾಲಿ ಹೊಳ್ಳಿ ಹೋಗತೈತಿ. ಆ ಖಾಲಿ ಗಾಡ್ಯಾಗ ನಾ ಖಾಲಿ ಕುಂತ್ರ ಯಾರ ಗಂಟು ಹೋಗತೈತಿ?

ಬಿಯರ್ ಬಾಟಲಿಗಳು ಇಲ್ಲಿ ಕಾಣುವುದೇ ಇಲ್ಲವಲ್ಲ?

ಅವು ದೊಡ್ಡ ಮನಿತನ. ತೊಳದು ಮತ್ತ ತುಂಬತಾರ, ಅದಕ್ಕ ಗುಜರಿಯವ ಎಣಿಸಿ ರೊಕ್ಕಾ ಕೊಡತಾನ. ನಾ ತೂಕಕ್ಕ. ನನ್ನ ತಮ್ಮ, 90 ಎಂಎಲ್ ಟೆಟ್ರಾ ಪ್ಯಾಕು, ಯಾವ ಲೆಕ್ಕಕ್ಕೂ ಇಲ್ಲ. ಯೋಜನೆ ಬಂದ್ರ ನನ್ನಷ್ಟ ಸೇರಿಸಿ ಅವನ್ನ ಬಿಡಬ್ಯಾಡ್ರಿ. ಇಲ್ಲಂದ್ರ ಕಂಪನಿಯೋರು ಮರುದಿನಾನ ನನ್ನ ಬಿಟ್ಟು ಎಲ್ಲಾ ಅವನೊಳಗ ತುಂಬತಾರ. ಕೇರಳದಾಗ 2025ರ ಸೆಪ್ಟೆಂಬರಿನ್ಯಾಗ ತಿರುವನಂತಪುರ, ಕಣ್ಣೂರಿನ್ಯಾಗ ಶುರು ಮಾಡಿದಾಗ ಪ್ಲಾಸ್ಟಿಕ್ ಬಾಟ್ಲಿಗೂ 20 ರೂಪಾಯಿ ಹಚ್ಚಿದ್ರು. ಶಾಣ್ಯಾರು.

ಜರ್ಮನಿಯವರು 2003ರಲ್ಲಿ ಬಿಯರು, ನೀರು, ಸೋಡಾಗಳ ಒಮ್ಮೆ ಬಳಸುವ ಬಾಟಲಿಗೆ ಕನಿಷ್ಠ 25 ಸೆಂಟ್ ಠೇವಣಿ ಹಾಕಿದರು. 2022ರಲ್ಲಿ ಹಣ್ಣಿನ ರಸದ ಪ್ಲಾಸ್ಟಿಕ್ ಬಾಟಲಿ, 2024ರಲ್ಲಿ ಹಾಲಿನದೂ ಸೇರಿತು.

ಹಾಲಿನ ಜೋಡಿ ಒಂದ ಸಾಲಿನ್ಯಾಗ ನಿಲ್ಲೂದಾ? ಮರ್ಯಾದಿ ಪ್ರಶ್ನೆ ಐತ್ರಿ. ನಂದಲ್ಲ, ಹಾಲಿಂದು.

ವಾಪಸ್ ಬಾರದ ಬಾಟಲಿಯ ದುಡ್ಡು ಯಾರಿಗೆ ಸೇರಬೇಕು?

ಈಗ ಬಂದ್ರಿ ನೋಡ್ರಿ ಮೂಲಕ್ಕ. ಜರ್ಮನಿಯೊಳಗ ಅದು ಕಂಪನಿಯೋರಿಗೆ ಉಳೀತೈತಿ, ಅಮೆರಿಕದ ಮಿಶಿಗನ್‌ನಾಗ ನಾಕರಾಗ ಮೂರು ಪಾಲು ಸರಕಾರಕ್ಕ. ಇಲ್ಲಿ ಮೊದಲು ಅದನ್ನ ಬರದಿಡ್ರಿ. ನಾ ಬರದಿದ್ರ ಯಾರಿಗೆ ಲಾಭ ಐತೋ ಅವರ ಕೈಯಾಗ ನನ್ನ ಕರಕೊಂಡು ಬರೂ ಕೆಲಸ ಕೊಡಬ್ಯಾಡ್ರಿ. ನನ್ನ ಕೇಳಿದ್ರ ಆ ರೊಕ್ಕಾ ಗದ್ದಿಗೆ ಇಳಿಯೋರ ಬೂಟಿಗೆ ಹೋಗಬೇಕು.

ಅಲ್ಲಿಯವರೆಗೆ ನಿಮ್ಮ ಕಾರ್ಯಕ್ರಮ?

ಪ್ರವಾಸ. ಕಾಲುವಿಗೆ ನೀರು ಬಿಟ್ಟಾಗ ಮುಚ್ಚಳ ಇದ್ದ ನಮ್ಮೋರು ತೇಲಿಕೊಂತ ಹೋಗತಾರ. ಕೊನೆಭಾಗದ ರೈತರಿಗೆ ನೀರು ಮುಟ್ಟಿಲ್ಲ ಅಂತ ವರ್ಷಾ ಧರಣಿ ಅಲ್ರಿ? ನೀರಿನ ಗ್ಯಾರಂಟಿ ನಾ ಕೊಡಲ್ಲ, ನಾವು ಮಾತ್ರ ಮುಟ್ಟೇವಿ.

ಕೊನೆಯದಾಗಿ, ಸರ್ಕಾರಕ್ಕೆ ನಿಮ್ಮ ಸಂದೇಶ…

ಸಂದೇಶ ಆಮ್ಯಾಗ ಬರಕೊಳ್ರಿ ಸರ, ಮೊದಲು ತಲಿ ಬಗ್ಗಸ್ರಿ. ಎರಡು ಬೈಕು ಬಂದು ನಿಂತಾವ, ಒಬ್ಬವ ಆಗಲೇ ಕಲ್ಲು ಆರಿಸಾಕ್ಹತ್ಯಾನ.