ಬಲಕ್ಕೆ ಮೂರನೇ ಕೊಂಬೆ

ಕಾರವಾರ ತಾಲ್ಲೂಕಿನ ಕೈಗಾದಲ್ಲಿ ನಡೆಯುವ ಪಕ್ಷಿ ಮ್ಯಾರಥಾನ್‌ನಲ್ಲಿ ಯಾರೂ ಓಡುವುದಿಲ್ಲ, ಕತ್ತೆತ್ತಿ ನಿಂತರಾಯಿತು. ನನ್ನಂಥ ಸೋಮಾರಿಗೆ ಹೇಳಿ ಮಾಡಿಸಿದ ಕ್ರೀಡೆ ಎಂದುಕೊಂಡು ಸಣ್ಣದೊಂದು ಗುಂಪಿನ ಜೊತೆ ಅಲ್ಲಿನ ಕಾಡಿಗೆ ಹೊರಟೆ. ಕತ್ತಿಗೂ ಉಳುಕು ಬರುತ್ತದೆಂದು ಯಾರೂ ಹೇಳಿರಲಿಲ್ಲ.

"ಬಲಕ್ಕೆ ಮೂರನೇ ಕೊಂಬೆ, ಕೆಳಗೆ ಒಣ ಎಲೆ, ಅದರ ಪಕ್ಕ ಕಪ್ಪೆಬಾಯಿ ಹಕ್ಕಿ!" ಪಿಸುಗುಟ್ಟಿದ ಮಾರ್ಗದರ್ಶಿ. ಈ ಹಕ್ಕಿಗೆ ರಾತ್ರಿಪಾಳಿ. ಹಗಲಿಡೀ ತರಗೆಲೆಯ ವೇಷದಲ್ಲಿ ಅಲುಗದೆ ಕೂರುತ್ತದೆ. ನನಗೆ ಕಂಡದ್ದು ಎರಡು ಎಲೆ. ಎಲ್ಲರೂ "ಆಹಾ" ಎಂದರು, ನಾನೂ ಎರಡಕ್ಕೂ ಸಮನಾಗಿ ಹಂಚಿ "ಆಹಾ" ಎಂದೆ. ಅಷ್ಟರಲ್ಲಿ ಇಂಬಳವೊಂದು ಯಾರ ಮಾರ್ಗದರ್ಶನವೂ ಇಲ್ಲದೆ ನನ್ನನ್ನು ಗುರುತಿಸಿತ್ತು.

ಮಂಗಟ್ಟೆ ಮಾತ್ರ ದೊಡ್ಡ ಮನಸ್ಸಿನ ಹಕ್ಕಿ. ಉಗಿಬಂಡಿಯಂತೆ ರೆಕ್ಕೆ ಬುಸುಗುಡಿಸುತ್ತ ತಲೆಯ ಮೇಲೇ ಹಾರಿಹೋಯಿತು. ಗೂಡಿನ ಕಾಲದಲ್ಲಿ ಹೆಣ್ಣು ಪೊಟರೆಯೊಳಗೆ ಬಾಗಿಲು ಮೆತ್ತಿಕೊಂಡು ಕೂರುತ್ತದೆ, ಗಂಡು ಸೀಳುಗಂಡಿಯಲ್ಲಿ ಹಣ್ಣು ತಂದು ತಂದು ಉಣಿಸುತ್ತದೆ. ಇದನ್ನು ಕೇಳಿದ ನನ್ನ ಹೆಂಡತಿ ದುರ್ಬೀನನ್ನು ಹಕ್ಕಿಯಿಂದ ನನ್ನತ್ತ ತಿರುಗಿಸಿದಳು.

ಅಂಕೋಲೆಯ ಗೆಳೆಯನ ಚಿಂತೆಯೇ ಬೇರೆ. ತಡವಾದರೆ ಪೇಟೆಯಲ್ಲಿ ತಾಜಾ ಬಂಗಡೆ ಉಳಿಯುವುದಿಲ್ಲ. ಅವನ ಕ್ಯಾಮೆರಾ ಆಗಲೇ ಚೀಲ ಸೇರಿತ್ತು.