ಬ್ಯಾಟರಿ ಬದಲಿಸುವ ಹಕ್ಕು ನಮಗೂ ಬೇಕು

ಕಾರಿನ ಜಿಪಿಎಸ್ ಯಂತ್ರಗಳನ್ನು ವಿನ್ಯಾಸ ಮಾಡುವ ಎಂಜಿನಿಯರ್‌ಗಳಿಗೆ,



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂದು ಸದಾ ಓಡಾಡುವ ನನ್ನ ಕಾರಿನಲ್ಲಿ ನೀವು ತಯಾರಿಸಿದ ಹಳೆಯ ಯಂತ್ರವೊಂದಿದೆ. ಪರದೆ ಚೆನ್ನಾಗಿದೆ, ದನಿ ಸ್ಪಷ್ಟವಾಗಿದೆ, ಉಪಗ್ರಹ ಹುಡುಕುವ ಶಕ್ತಿಯೂ ಕುಂದಿಲ್ಲ. ಕೆಟ್ಟಿರುವುದು ಅದರೊಳಗಿನ ಒಂದು ಸಣ್ಣ ಲಿಥಿಯಂ ಬ್ಯಾಟರಿ ಮಾತ್ರ. ಅದನ್ನು ಮನೆಯಲ್ಲೇ ಬದಲಿಸಲು ಕೂತಾಗ ಕಂಡದ್ದನ್ನು ನಿಮ್ಮ ಗಮನಕ್ಕೆ ತರಲೇಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಮೊಬೈಲ್ ಇರುವಾಗ ಇದೇಕೆ ಎಂದು ಕೇಳುವವರಿದ್ದಾರೆ. ಈ ಯಂತ್ರದ ನಕ್ಷೆ ಅದರ ಹೊಟ್ಟೆಯೊಳಗೇ ಇರುತ್ತದೆ. ಶ್ರೀನಿವಾಸಪುರ ದಾಟಿ ಮಾವಿನ ತೋಪುಗಳ ನಡುವೆ ಆಂಧ್ರದ ಗಡಿಯತ್ತ ಹೋಗುವಾಗ ಡೇಟಾ ಕೈಕೊಟ್ಟರೂ ಇದು ಕೈಬಿಡುವುದಿಲ್ಲ. ಚಾರ್ಜರ್ ಸಿಕ್ಕಿಸಿಕೊಂಡರೆ ಸಾಲದೇ ಎಂದರೆ, ಸಾಲದು. ಕೀಲಿ ತಿರುಗಿಸಿ ಎಂಜಿನ್ ಸ್ಟಾರ್ಟ್ ಮಾಡುವ ಗಳಿಗೆಯಲ್ಲಿ ಎಷ್ಟೋ ಕಾರುಗಳ ಸಾಕೆಟ್‌ಗೆ ಕರೆಂಟು ನಿಲ್ಲುತ್ತದೆ, ಯಂತ್ರ ಆರಿಹೋಗುತ್ತದೆ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಕೆಲವು ಯಂತ್ರಗಳು ಗಡಿಯಾರವನ್ನೂ ಮರೆತು ಮೊದಲಿನಿಂದ ಹುಡುಕಾಟ ಶುರು ಮಾಡುತ್ತವೆ. ಉಪಗ್ರಹ ಮಾಹಿತಿ ಕಳಿಸುವ ವೇಗವೋ, ಸೆಕೆಂಡಿಗೆ ಬರೀ 50 ಬಿಟ್. ಎಲ್ಲ ಉಪಗ್ರಹಗಳ ಪಂಚಾಂಗ, ಅಂದರೆ ಯಾವುದು ಎಲ್ಲಿರುತ್ತದೆ ಎಂಬ ಪಟ್ಟಿ, ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. ಬ್ಯಾಟರಿ ಎಷ್ಟು ಮುಖ್ಯವೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಅದೇ ಮೊದಲು ಸಾಯುತ್ತದೆ ಎಂಬುದೂ ನಿಮಗೆ ಗೊತ್ತು. ಲಿಥಿಯಂ ಬ್ಯಾಟರಿಯ ಆಯಸ್ಸು ಬೇಗ ತೀರುವುದು ಪೂರ್ತಿ ಚಾರ್ಜ್ ಆಗಿ ಬಿಸಿಯಲ್ಲಿ ಕೂತಾಗ. ಕೋಲಾರದ ಏಪ್ರಿಲ್ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ನಡೆಯುವುದು ಅದೇ. ಹೀಗಿರುವಾಗ ಮೊದಲು ಸಾಯುವ ಭಾಗವನ್ನೇ ಎಲ್ಲಕ್ಕಿಂತ ಒಳಗೆ ಹುದುಗಿಸಿಟ್ಟಿದ್ದೀರಿ.

ಬಿಚ್ಚಿದ ಕ್ರಮ ಹೇಳುತ್ತೇನೆ. ಆರು ಮೂಲೆಯ ನಕ್ಷತ್ರದಂಥ ತೂತಿನ ಸಣ್ಣ ಸ್ಕ್ರೂಗಳು. ಮನೆಯ ಸ್ಕ್ರೂಡ್ರೈವರ್ ಅವಕ್ಕೆ ಕೂರುವುದಿಲ್ಲ. ಸ್ಕ್ರೂ ಬಿಚ್ಚಿದರೂ ಸುತ್ತ ಪ್ಲಾಸ್ಟಿಕ್ ಕೊಕ್ಕೆಗಳು ಹಿಡಿದಿರುತ್ತವೆ. ಅವನ್ನು ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಒಂದೊಂದಾಗಿ ಮೀಟಬೇಕು. ಹಿಂದಿನ ಮುಚ್ಚಳ ಏಳುವಾಗ ಸ್ಪೀಕರಿನ ಕೂದಲೆಳೆಯಂಥ ತಂತಿಗಳು ಜತೆಗೇ ಏಳುತ್ತವೆ. ಬ್ಯಾಟರಿ ಡಬಲ್ ಟೇಪಿನಲ್ಲಿ ಬಿಗಿಯಾಗಿ ಅಂಟಿತ್ತು, ಹಪ್ಪಳದಂತೆ ಊದಿಕೊಂಡಿತ್ತು. ಅದರ ಮೇಲೆ 3.7 ವೋಲ್ಟ್ ಎಂದಷ್ಟೇ ಓದಲು ಬಂತು. ಹೊರಬಂದಿದ್ದ ತಂತಿಗಳು ಮೂರು: ಕೆಂಪು, ಕಪ್ಪು, ಬಿಳಿ. ಮೂರನೆಯದು ಬ್ಯಾಟರಿಯ ಬಿಸಿ ಅಳೆಯುವುದಕ್ಕೆ. ಅದಿಲ್ಲದ ಎರಡು ತಂತಿಯ ಬ್ಯಾಟರಿ ಹಾಕಿದರೆ ಇಂಥ ಎಷ್ಟೋ ಯಂತ್ರಗಳು ಚಾರ್ಜ್ ಆಗಲು ಒಪ್ಪುವುದಿಲ್ಲ.

ಮಾಲೂರಿನ ಒಂದು ಮೊಬೈಲ್ ಅಂಗಡಿಯಲ್ಲಿ ತೋರಿಸಿದೆ. ‘ಈ ಸೈಜು ಬರಲ್ಲ ಸಾರ್, ಹೊಸದೇ ತಗೊಂಬಿಡಿ’ ಎಂದರು. ಅಳತೆಗೆ ಹೊಂದುವ ಬ್ಯಾಟರಿ ಕೊನೆಗೆ ಸಿಕ್ಕಿದ್ದು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ. ಪಿನ್ ಸರಿಯಾಗಿ ಹೊಂದುವಂತಿದ್ದರೂ ಅದರ ತಂತಿಗಳ ಕ್ರಮ ಬೇರೆಯಿತ್ತು. ಮಲ್ಟಿಮೀಟರ್ ಹಿಡಿದು ಪ್ಲಸ್ಸು ಮೈನಸ್ಸು ನೋಡದೆ ಸಿಕ್ಕಿಸಿದ್ದರೆ ಬೋರ್ಡೇ ಸುಡಬಹುದಿತ್ತು. ಇದಕ್ಕೆಲ್ಲ ಒಂದು ಪುಟದ ಮಾಹಿತಿ ಸಾಕಿತ್ತು. ಆ ಪುಟವನ್ನು ನೀವು ಕೊಟ್ಟಿಲ್ಲ.

ಅಪಾಯವೆಂಬ ಕಾರಣಕ್ಕೆ ಮುಚ್ಚಿಟ್ಟಿದ್ದೇವೆ ಎನ್ನುತ್ತೀರಿ. ಅಪಾಯ ನಿಜ. ಊದಿದ ಲಿಥಿಯಂ ಬ್ಯಾಟರಿಗೆ ಚೂಪು ಲೋಹ ತಗಲಿ ತೂತಾದರೆ ಬೆಂಕಿ ಹೊತ್ತಿಕೊಳ್ಳಬಹುದು. ಆದರೆ ಜನ ಚಾಕು, ಸ್ಕ್ರೂಡ್ರೈವರ್ ಹಿಡಿದು ಮೀಟುವ ಪರಿಸ್ಥಿತಿ ತಂದದ್ದು ನಿಮ್ಮ ಅಂಟೇ ಅಲ್ಲವೇ? ಟಾರ್ಚಿನ ಬ್ಯಾಟರಿ ಬದಲಿಸುವಾಗ ಯಾರೂ ಏನನ್ನೂ ಮೀಟುವುದಿಲ್ಲ.

ನಮ್ಮ ಜಿಲ್ಲೆಗೆ ರಿಪೇರಿ ಹೊಸದಲ್ಲ. ಇಲ್ಲಿ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ. ಅಷ್ಟು ಆಳದಿಂದ ಎತ್ತಿದ ಸುಟ್ಟ ಮೋಟರು ಮುಳಬಾಗಿಲಿನ ವೈಂಡಿಂಗ್ ಅಂಗಡಿಗೆ ಬಂದರೆ ಹಳೆಯ ತಂತಿ ಕಿತ್ತು, ಸುತ್ತು ಎಣಿಸಿ, ಗೇಜು ನೋಡಿ, ಹೊಸ ತಂತಿ ಸುತ್ತಿ ಕೊಡುತ್ತಾರೆ. ಅದು ಸಾಧ್ಯವಾಗಿರುವುದು ಮೋಟರನ್ನು ಬಿಚ್ಚಲು ಬರುವುದರಿಂದ, ತಂತಿ, ಬುಷ್, ಬೇರಿಂಗ್ ಅಂಗಡಿಯಲ್ಲಿ ಸಿಗುವುದರಿಂದ. ಕರೆಂಟು, ಯಂತ್ರಗಳೂ ನಮಗೆ ಹೊಸದಲ್ಲ. 1902ರಲ್ಲೇ ಶಿವನಸಮುದ್ರದ ಕರೆಂಟು ಕೆಜಿಎಫ್ ಗಣಿಗಳಿಗೆ ಬಂದ ಜಿಲ್ಲೆಯಿದು. ಇಂದು ನರಸಾಪುರದ ಕಾರ್ಖಾನೆಯಲ್ಲಿ ಐಫೋನ್ ಜೋಡಿಸುತ್ತಾರೆ. ಫೋನ್ ಜೋಡಿಸಲು ಯೋಗ್ಯವಾದ ಕೈಗಳು ಬ್ಯಾಟರಿ ಬದಲಿಸಲು ಅಯೋಗ್ಯವೆಂದು ಯಾವ ಮುಖದಿಂದ ಹೇಳುತ್ತೀರಿ?

ಕಾಲ ಬದಲಾಗುತ್ತಿದೆ. ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ನಿಯಮದಂತೆ, 2027ರ ಫೆಬ್ರವರಿ 18ರಿಂದ, ಕೆಲವು ವಿನಾಯಿತಿ ಬಿಟ್ಟರೆ, ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರರೇ ಸಾಮಾನ್ಯ ಸಲಕರಣೆಯಿಂದ ಬದಲಿಸುವಂತಿರಬೇಕು. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿ, ಆ ವರ್ಷದ ಡಿಸೆಂಬರ್ 24ರಂದು ಅದಕ್ಕೊಂದು ಪೋರ್ಟಲ್ ತೆರೆಯಿತು. ಅದೇ ವರ್ಷದ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿ ಹಿಂಪಡೆಯುವ ಹೊಣೆಯನ್ನು ತಯಾರಕರ ಮೇಲೇ ಹೊರಿಸಿವೆ. ಆದರೂ ನನ್ನ ಊದಿದ ಬ್ಯಾಟರಿಯನ್ನು ಕೊಡಲು ಹತ್ತಿರದಲ್ಲೊಂದು ಡಬ್ಬಿ ನನಗೆ ಕಾಣಲಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಮುಂದಿನ ಮಾದರಿಯಲ್ಲಿ ಬ್ಯಾಟರಿಗೆ ಪ್ರತ್ಯೇಕ ಮುಚ್ಚಳವಿರಲಿ, ಸಾಮಾನ್ಯ ಸ್ಕ್ರೂ ಇರಲಿ, ಅಂಟು ಬೇಡ. ವೋಲ್ಟು, ಅಳತೆ, ತಂತಿಗಳ ಕ್ರಮವನ್ನು ಮುಚ್ಚಳದ ಒಳಗೇ ಕನ್ನಡದಲ್ಲೂ ಮುದ್ರಿಸಿ. ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಬ್ಯಾಟರಿ ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲಿ ಸಿಗಲಿ. ಕೆಟ್ಟದ್ದನ್ನು ಅದೇ ಅಂಗಡಿ ಹಿಂಪಡೆಯಲಿ. ಇದಕ್ಕೆ ಹೊಸ ವಿಜ್ಞಾನವೇನೂ ಬೇಕಿಲ್ಲ. ಬ್ಯಾಟರಿ ಸುಲಭವಾಗಿ ಬದಲಿಸುವಂತೆ ಮಾಡುವುದು ಯುರೋಪಿನ ಗಿರಾಕಿಗಾಗಿ ನೀವು ಮಾಡಲೇಬೇಕಾದ ಬದಲಾವಣೆ. ಅದೇ ಅಚ್ಚಿನಲ್ಲಿ ನಮಗೂ ಮಾಡಿಕೊಡಿ. ಬೆಲೆ ಕೊಟ್ಟು ಕೊಳ್ಳುವವರು ನಾವೂ ಹೌದು.

ಇಂತಿ,
ಕೋಲಾರ ಜಿಲ್ಲೆಯ ಒಬ್ಬ ಬಳಕೆದಾರ